ಕೋಲಾರದ ಗಣಿಯಲ್ಲಿ ಉಸಿರಿನ ಲೆಕ್ಕ

1859ರಲ್ಲಿ ಮೈಸೂರು ಸೀಮೆಯ ಆಡಳಿತ ಕೋಲಾರದ ಚಿನ್ನದ ನೆಲದಲ್ಲಿ ಸುರಂಗ ತೋಡುವುದನ್ನು ನಿಷೇಧಿಸಿತು. ಆಗ ಮೈಸೂರು ಕಮಿಷನರ್ ಆಳ್ವಿಕೆಯಲ್ಲಿತ್ತು, ಮಾರ್ಕ್ ಕಬ್ಬನ್ ಇನ್ನೂ ಅಧಿಕಾರದಲ್ಲಿದ್ದರು. ಹಳೆಯ ಗುಂಡಿಗಳಲ್ಲಿ ಅವಘಡಗಳಾಗುತ್ತಿದ್ದವು, ಆದ್ದರಿಂದ ಕೆಳಗಿಳಿಯಬೇಡಿ ಎಂದು ಅಪ್ಪಣೆಯಾಯಿತು. ಕೋಲಾರದ ಚಿನ್ನದ ಕಥೆ ಹೇಳುವವರು ಈ ವರ್ಷವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಅದು ದಾಟಿ ಹೋಗುವಂಥ ವರ್ಷವಲ್ಲ. ಮನುಷ್ಯನ ಜೀವ ಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಈ ನೆಲದಲ್ಲಿ ಕೆಲಸ ನಿಂತದ್ದು ಆಗ. ಮುಂದೆ 2001ರಲ್ಲಿ ಗಣಿ ಮುಚ್ಚಿದಾಗ ಕಾರಣ ನಷ್ಟದ ಲೆಕ್ಕವಾಗಿತ್ತೇ ಹೊರತು ಜೀವದ ಲೆಕ್ಕವಾಗಿರಲಿಲ್ಲ.

ಜೀವದ ಆ ಲೆಕ್ಕವನ್ನು ನಾನು ಗಣಿಯಿಂದ ಆಚೆಗಿರುವ ಬೈರಕೂರಿನಿಂದ ಶುರುಮಾಡುತ್ತೇನೆ. ಅದು ಮುಳಬಾಗಿಲು ತಾಲ್ಲೂಕಿನ ಹೋಬಳಿ ಊರು. ಆಂಧ್ರದ ಗಡಿ ದೂರವಿಲ್ಲ, ಜನರ ನಾಲಗೆಯ ಮೇಲೆ ಕನ್ನಡವೂ ತೆಲುಗೂ ಒಟ್ಟಿಗೆ ಓಡಾಡುತ್ತವೆ. ಅಲ್ಲಿಂದ ಮುಳಬಾಗಿಲಿಗೆ ಬಂದು ಬೇತಮಂಗಲದ ದಾರಿ ಹಿಡಿದರೆ ಕೆಜಿಎಫ್, ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್, ಸಿಗುತ್ತದೆ. ಈ ಸೀಮೆಯಲ್ಲಿ ಯಾರಾದರೂ ಬರೀ 'ಗಣಿ' ಎಂದರೆ ಅದು ಕೆಜಿಎಫ್‌ನ ಗಣಿಯೇ. ಚಿನ್ನ ಬೈರಕೂರಿನ ನೆಲದಲ್ಲಿ ಸಿಕ್ಕಲಿಲ್ಲ ನಿಜ. ಆದರೆ ಗಣಿಯ ಕೆಲಸ ಮನುಷ್ಯನಿಗೆ ಏನು ಮಾಡಿತು ಎಂಬುದನ್ನು ಗಣಿಯ ಬಾಯಲ್ಲಿ ನಿಂತು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಕಾಣುವುದು ಕೆಲಸ ಬಿಟ್ಟವನು ಮರಳಿ ಹೋದ ಹಳ್ಳಿಗಳಲ್ಲಿ, ವರ್ಷಗಳು ಕಳೆದ ಮೇಲೆ. ಬಂಡೆ ಬಿದ್ದು ಸತ್ತವನ ಹೆಸರು ಕಂಪನಿಯ ಪುಸ್ತಕದಲ್ಲಿ ಬರುತ್ತಿತ್ತು. ಧೂಳು ಕುಡಿದು ಊರಿಗೆ ಹೋಗಿ ಸತ್ತವನ ಹೆಸರು ಬರುತ್ತಿರಲಿಲ್ಲ. ನಾನು ಬರೆಯಹೊರಟಿರುವುದು ಹೆಚ್ಚಾಗಿ ಈ ಎರಡನೆಯವನ ಬಗ್ಗೆ.

ಇಂಗ್ಲಿಷರಿಗೆ ಈ ಚಿನ್ನದ ಸುದ್ದಿ ಮುಟ್ಟಿದ್ದು 1802ರಲ್ಲಿ. ಟಿಪ್ಪು ಸುಲ್ತಾನ್ ಮಡಿದು ಮೂರು ವರ್ಷವಾಗಿತ್ತು. ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್, ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುತ್ತೇನೆಂದು ಸಾರಿದ. ಉರಿಗಾಂ ಊರಿನವರು ಗಾಡಿಯಲ್ಲಿ ಮಣ್ಣು ತುಂಬಿ ತಂದು, ಅವನ ಕಣ್ಣೆದುರೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಬಳಿ ಅವನು ಕಂಡದ್ದು ಮೂವತ್ತು ನಲವತ್ತು ಅಡಿ ಆಳದ ಗುಂಡಿಗಳನ್ನು. ಒಳಗೆ ಗಂಡಸರು ಕಲ್ಲು ಒಡೆದು ಬುಟ್ಟಿಯಲ್ಲಿ ಕೈಯಿಂದ ಕೈಗೆ ಮೇಲೆ ಸಾಗಿಸುತ್ತಿದ್ದರು, ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ತೊಳೆಯುತ್ತಿದ್ದರು. ವಾರನ್‌ನ ವರದಿ 1804ರಲ್ಲಿ ಅಚ್ಚಾಯಿತು. ಆಮೇಲಿನ ಐವತ್ತು ವರ್ಷ ಒಬ್ಬರಾದ ಮೇಲೊಬ್ಬರು ಬಂದರು, ಹುಡುಕಿದರು, ಹೋದರು. ಕೊನೆಗೆ ಬಂದದ್ದು 1859ರ ನಿಷೇಧ.

ಅದು ಬಾಳಿದ್ದು ಹದಿನಾರು ವರ್ಷ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕಾದಾಡಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೆಲ್ ಲವೆಲ್ ವಾರನ್‌ನ ಹಳೆಯ ವರದಿ ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಬಂದ. 1875ರಲ್ಲಿ ಅವನಿಗೆ ಇಪ್ಪತ್ತು ವರ್ಷದ ಪರವಾನಗಿ ಸಿಕ್ಕಿತು. ಕೈಯಲ್ಲಿ ಹಣವಿಲ್ಲದೆ ಅವನು ಅದನ್ನು ಬೇರೆಯವರಿಗೆ ದಾಟಿಸಿದ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಗೆ ಗಣಿಗಳ ಮೇಲುಸ್ತುವಾರಿ ಬಂತು, ಚಾಂಪಿಯನ್ ಲೋಡ್ ಎಂಬ ಚಿನ್ನದ ಪಟ್ಟೆ ಕೈಗೆ ಸಿಕ್ಕಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂದು ಒಂದರ ಬೆನ್ನಿಗೊಂದು ಗಣಿಗಳು ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬರುವುದಕ್ಕೆ ಮೊದಲೇ ಇಲ್ಲಿನ ಯಂತ್ರಗಳಿಗೆ ಅದು ಬಂದಿತ್ತು. ಈ ಸಾಧನೆಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರಹಗಳಿವೆ, ನಾನಿಲ್ಲಿ ಅವನ್ನು ಬೆಳೆಸುವುದಿಲ್ಲ.

ಒಂದು ವಿಷಯವನ್ನು ಮಾತ್ರ ಇಲ್ಲೇ ಹೇಳಬೇಕು. ಅಗೆದ ಚಿನ್ನದ ಬೆಲೆಯಲ್ಲಿ ನೂರಕ್ಕೆ ಐದರಷ್ಟು ಮೈಸೂರು ಸರ್ಕಾರಕ್ಕೆ ರಾಜಧನವಾಗಿ ಸಂದಾಯವಾಗುತ್ತಿತ್ತು. ಮಾದರಿ ಸಂಸ್ಥಾನ ಎಂದು ನಾವು ಹೆಮ್ಮೆಯಿಂದ ನೆನೆಯುವ ಮೈಸೂರಿನ ಬೊಕ್ಕಸದಲ್ಲಿ ಈ ಹಣಕ್ಕೆ ದೊಡ್ಡ ಪಾಲಿತ್ತು. ಗಣಿಯ ಸುರಕ್ಷತೆ ನೋಡಿಕೊಳ್ಳಬೇಕಾದ ಸರ್ಕಾರವೇ ಗಣಿಯ ಉತ್ಪನ್ನದ ಪಾಲುದಾರನೂ ಆಗಿತ್ತು. ತನಿಖೆ ಮಾಡುವವನ ಕೈ ಯಾವಾಗ ಬಿಗಿಯಾಗುತ್ತದೆ, ಯಾವಾಗ ಸಡಿಲವಾಗುತ್ತದೆ ಎಂಬುದು ತಿಳಿಯಬೇಕಾದರೆ ಈ ನಂಟನ್ನು ಮರೆಯದೆ ಇತಿಹಾಸ ಓದಬೇಕು.

ಕೆಳಗಿಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಬರಗಾಲ, ಜೀತ, ಜಾತಿಯ ಹಿಂಸೆ ಬಿಟ್ಟು ಬಂದವರಿಗೆ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಕೈಗೆ ನಗದು ಬರುವುದೇ ದೊಡ್ಡ ಬಿಡುಗಡೆಯಾಗಿತ್ತು. ಅವರನ್ನು ಮೇಸ್ತ್ರಿಗಳೂ ಗುತ್ತಿಗೆದಾರರೂ ಕರೆತಂದರು. ಕೋಲಾರದ ಸುತ್ತಲ ಹಳ್ಳಿಗಳಿಂದ ಹೋದವರೂ ಇದ್ದರು. ಇವರಿಗೆ ವಾಸಕ್ಕೆ ಸಿಕ್ಕದ್ದು ಸಾಲುಸಾಲು ತಟ್ಟಿ ಗುಡಿಸಲು. ಬಿದಿರಿನ ತಟ್ಟಿಯ ಗೋಡೆ, ಮೇಲೊಂದು ಮಾಡು, ಒಂದೇ ಅಂಕಣ. ಬಗ್ಗಿ ಒಳಗೆ ಹೋಗಬೇಕು, ಒಳಗೇ ಒಲೆ, ಒಲೆಯ ಪಕ್ಕದಲ್ಲೇ ಮಲಗುವ ಜಾಗ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಲೆಂದು ಬೆಳಗಿನ ಪಾಳಿಯವನು ಎದ್ದು ಜಾಗ ಬಿಡಬೇಕು. ಈ ಸಾಲುಗಳಿಗೆ ಲೈನು ಎಂಬ ಹೆಸರು ಬಿತ್ತು, ಇಂದಿಗೂ ಕೆಜಿಎಫ್‌ನವರು ಯಾವ ಲೈನಿನವರು ಎಂದೇ ಒಬ್ಬರನ್ನೊಬ್ಬರು ಕೇಳುತ್ತಾರೆ. ಸಾಹೇಬರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಬೇರೆ ಕಡೆ ಇದ್ದವು. ಕಂಪನಿ ಆಸ್ಪತ್ರೆ ಕಟ್ಟಿಸಿತು, ನೀರಿನ ವ್ಯವಸ್ಥೆ ಮಾಡಿತು, ಅದನ್ನು ಅಲ್ಲಗಳೆಯಬಾರದು. ಬೇತಮಂಗಲದ ಕೆರೆಯ ನೀರು ಊರಿಗೆಲ್ಲ ಬಂತು. ಆದರೆ ಯಾರಿಗೆ ಎಷ್ಟು ಎಂಬುದು ಬಣ್ಣವನ್ನೂ ಜಾತಿಯನ್ನೂ ಹುದ್ದೆಯನ್ನೂ ನೋಡಿಕೊಂಡೇ ನಿರ್ಧಾರವಾಗುತ್ತಿತ್ತು.

ಆ ಲೈನುಗಳಲ್ಲೇ ಇನ್ನೊಂದು ಬದುಕೂ ಬೆಳೆಯಿತು. ತಮಿಳು ದಲಿತ ಚಿಂತಕ ಪಂಡಿತ ಅಯೋತಿ ದಾಸರ ಪ್ರಭಾವದಿಂದ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಹುಟ್ಟಿತು. ಓದು, ಸಭೆ, ಭಾಷಣ, ಸ್ವಾಭಿಮಾನದ ಮಾತು ಗಣಿಯವರ ಮನೆ ಹೊಕ್ಕವು. ಯೂನಿಯನ್ ಬರುವುದಕ್ಕೆ ಬಹಳ ಮೊದಲೇ ಸಂಘ ಕಟ್ಟುವ ಅಭ್ಯಾಸ ಅವರಿಗಿತ್ತು. ಮುಂದೆ ಹೇಳಲಿರುವ 1930ರ ಮುಷ್ಕರ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಗಣಿಯ ಕೆಳಗೆ ಎರಡು ಬಗೆಯ ಸಾವುಗಳಿದ್ದವು. ಒಂದು ಸದ್ದು ಮಾಡಿಕೊಂಡು ಬರುವುದು.

ಕೋಲಾರದ ಚಿನ್ನ ಇರುವುದು ಕಗ್ಗಲ್ಲಿನ ನಡುವಿನ ಬಿಳಿ ಸ್ಫಟಿಕ ಶಿಲೆಯ ತೆಳು ಪಟ್ಟೆಯಲ್ಲಿ. ಆ ಪಟ್ಟೆಯನ್ನು ಹಿಂಬಾಲಿಸಿ ಇಳಿಯುತ್ತಾ ಇಳಿಯುತ್ತಾ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಲೋಕದಲ್ಲೇ ಅತಿ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಂಪು ಗಾಳಿಯನ್ನು ಮೇಲಿನಿಂದ ಯಂತ್ರದಲ್ಲಿ ತಳ್ಳಬೇಕು, ಇಲ್ಲದಿದ್ದರೆ ನಿಲ್ಲಲಾಗದು. ಮೇಲಿನ ಮೂರು ಕಿಲೋಮೀಟರ್ ಕಲ್ಲಿನ ಭಾರ ಸದಾ ಕೆಳಗಿನ ಬಂಡೆಯ ಮೇಲಿರುತ್ತದೆ. ಅದಿರು ತೆಗೆದು ಜಾಗ ಖಾಲಿ ಮಾಡಿದಷ್ಟೂ ಆ ಭಾರ ಅಕ್ಕಪಕ್ಕ ಉಳಿದ ಬಂಡೆಗೆ ವರ್ಗವಾಗುತ್ತದೆ. ಮೆತ್ತನೆಯ ಕಲ್ಲಾದರೆ ಬಾಗುತ್ತದೆ, ಜರಿಯುತ್ತದೆ. ಕೋಲಾರದ ಕಲ್ಲು ಬಾಗುವುದಿಲ್ಲ. ತಡೆಯುವಷ್ಟು ತಡೆದು ಒಮ್ಮೆಲೇ ಸಿಡಿಯುತ್ತದೆ. ಇಕ್ಕಟ್ಟಿನ ಸುರಂಗದಲ್ಲಿ ಟನ್‌ಗಟ್ಟಲೆ ಬಂಡೆ ಚೂರುಚೂರಾಗಿ ಗಾಳಿಯ ಹೊಡೆತದೊಂದಿಗೆ ಮೈಮೇಲೆ ಬರುತ್ತದೆ. ಗಣಿಯವರು ಇದನ್ನು ಏರ್‌ಬ್ಲಾಸ್ಟ್ ಎಂದರು. ಮೇಲೆ ಲೈನಿನಲ್ಲಿದ್ದವರಿಗೆ ಕಾಲ ಕೆಳಗಿನ ನೆಲ ಒಮ್ಮೆ ಅದುರಿದಂತೆ ಆಗುತ್ತಿತ್ತು, ಪಾತ್ರೆ ಅಲುಗುತ್ತಿತ್ತು. ಅಷ್ಟು ಸಾಕಿತ್ತು, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಶಾಫ್ಟಿನ ಕಡೆ ಓಡುತ್ತಿದ್ದರು. ಇವತ್ತು ಕೆಳಗಿಳಿದ ಪಾಳಿ ಯಾವುದು, ತನ್ನವನು ಯಾವ ಲೆವೆಲ್‌ನಲ್ಲಿದ್ದಾನೆ ಎಂಬುದೊಂದೇ ಆಗ ಅವರಿಗೆ ಬೇಕಾಗಿದ್ದ ಉತ್ತರ.

ಇಂಥ ಸಿಡಿತ ಉರಿಗಾಂ ಗಣಿಯಲ್ಲಿ 1898ರಲ್ಲೇ ದಾಖಲಾಗಿದೆ. ಅಲ್ಲಿಂದ ನೂರು ವರ್ಷ ಅದು ಗಣಿಯವರ ಬೆನ್ನು ಬಿಡಲಿಲ್ಲ. ಇದನ್ನು ತಡೆಯಲು ನಡೆದ ಕೆಲಸ ಮಾತ್ರ ನಿಜಕ್ಕೂ ಮೆಚ್ಚುವಂಥದು. ಮೊದಮೊದಲು ಮರದ ದಿಮ್ಮಿಗಳ ಆಸರೆ ಕೊಟ್ಟರು. ಮರ ನಲುಗಿತು, ಒಣಗಿ ಬೆಂಕಿಗೂ ದಾರಿಯಾಗುತ್ತಿತ್ತು. ಆಮೇಲೆ ಗ್ರಾನೈಟ್ ಕಲ್ಲನ್ನು ಚಪ್ಪಡಿಯಾಗಿ ಕಡಿದು ಕೆಳಗಿಳಿಸಿ, ಅದಿರು ತೆಗೆದ ಜಾಗದಲ್ಲಿ ಗಾರೆಯಿಲ್ಲದೆ ಒತ್ತೊತ್ತಾಗಿ ಗೋಡೆ ಕಟ್ಟಿದರು. ಹೊಲದ ಬದುವಿಗೆ ಕಲ್ಲು ಜೋಡಿಸುವ ಕೈಗಳಿಗೆ ಗೊತ್ತಿದ್ದ ವಿದ್ಯೆ ಅದು, ನೆಲದ ಮೇಲೆ ಕಲಿತದ್ದು ಸಾವಿರಾರು ಅಡಿ ಕೆಳಗೆ ಜೀವ ಕಾಯಿತು. ಮುಂದೆ ಕಾಂಕ್ರೀಟ್ ಆಸರೆ ಬಂತು. ಯಾವ ಭಾಗವನ್ನು ಮೊದಲು ಅಗೆಯಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನೇ ಬದಲಿಸಿದರು. 1955ರಲ್ಲಿ ಬಂಡೆ ಸಿಡಿತದ ಬಗ್ಗೆಯೇ ವಿಶೇಷ ಸಮಿತಿ ವರದಿ ಕೊಟ್ಟಿತು. ಆದರೂ 1971ರ ಡಿಸೆಂಬರ್ 27ರಂದು ಚಾಂಪಿಯನ್ ರೀಫ್‌ನಲ್ಲಿ ದೊಡ್ಡ ಸಿಡಿತವೇ ಆಯಿತು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ನೆಲದ ಕಂಪನ ಹಿಡಿಯುವ ಉಪಕರಣಗಳ ಜಾಲ ಬಂತು. 1988ರಲ್ಲಿ ಬಂಡೆಗಳ ವರ್ತನೆ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೇ ಕೆಜಿಎಫ್‌ನಲ್ಲಿ ಆರಂಭವಾಯಿತು. ದೇಶದ ಅಣೆಕಟ್ಟು, ಸುರಂಗ, ಗಣಿಗಳಿಗೆಲ್ಲ ಸಲಹೆ ಕೊಡುವ ವಿದ್ಯೆ ಇಲ್ಲಿನ ಗಣಿಗಾರರ ರಕ್ತದಿಂದ ಕಲಿತದ್ದು ಎಂದರೆ ಅತಿಶಯೋಕ್ತಿಯಲ್ಲ.

ಇಷ್ಟೆಲ್ಲ ಹಣ, ಬುದ್ಧಿ, ಶ್ರಮ ಈ ಮೊದಲ ಸಾವಿನ ಮೇಲೆ ಏಕೆ ಸುರಿಯಿತು? ಮನುಷ್ಯರ ಮೇಲಿನ ಕರುಣೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಅನೇಕ ಎಂಜಿನಿಯರರು ತಮ್ಮ ಜೀವವನ್ನೂ ಒತ್ತೆಯಿಟ್ಟು ಕೆಲಸ ಮಾಡಿದರು. ಆದರೆ ಬಂಡೆ ಸಿಡಿದರೆ ಜನ ಸಾಯುವುದರ ಜೊತೆಗೆ ಸುರಂಗವೂ ಮುಚ್ಚಿಹೋಗುತ್ತದೆ, ಶಾಫ್ಟು ಹಾಳಾಗುತ್ತದೆ, ಅದಿರು ನಿಲ್ಲುತ್ತದೆ. ಕಂಪನಿಯ ನಷ್ಟವೂ ಕಾರ್ಮಿಕನ ಸಾವೂ ಅಲ್ಲಿ ಒಂದೇ ಕ್ಷಣದಲ್ಲಿ ಆಗುತ್ತವೆ.

ಎರಡನೆಯ ಸಾವಿನಲ್ಲಿ ಕಂಪನಿಗೆ ನಷ್ಟವಿರಲಿಲ್ಲ. ಅದಕ್ಕೇ ಅದರತ್ತ ಕಣ್ಣು ಹಾಯಿಸಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಸ್ಫಟಿಕ ಶಿಲೆಯಲ್ಲಿ ತುಂಬಿರುವುದು ಸಿಲಿಕಾ. ಕೈಯಲ್ಲಿ ಉಳಿ ಸುತ್ತಿಗೆ ಹಿಡಿದು ತೂತು ಕೊರೆಯುವ ಕಾಲದಲ್ಲೂ ಧೂಳೇಳುತ್ತಿತ್ತು. ಒತ್ತಡದ ಗಾಳಿಯಿಂದ ಓಡುವ ಡ್ರಿಲ್ ಬಂದ ಮೇಲೆ ಧೂಳು ಮಂಜಿನಂತೆ ತುಂಬತೊಡಗಿತು. ತೂತಿಗೆ ಮದ್ದು ತುಂಬಿ ಸಿಡಿಸಿದರೆ ಮತ್ತಷ್ಟು. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ, ಕೆಮ್ಮಿದರೆ ಹೊರಬರುತ್ತದೆ. ಕೊಲ್ಲುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಅದು ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತದೆ, ಸುತ್ತಲ ಮೃದು ಭಾಗ ಗಂಟುಗಟ್ಟಿ ಗಡುಸಾಗುತ್ತದೆ. ಗಡುಸಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ಕೆಲಸ ಬಿಟ್ಟು ಧೂಳಿನಿಂದ ದೂರ ಹೋದರೂ ರೋಗ ಬೆಳೆಯುತ್ತಲೇ ಇರುತ್ತದೆ. ಇದೇ ಸಿಲಿಕೋಸಿಸ್. ಇದಿದ್ದವನಿಗೆ ಟಿಬಿ ಬೇಗ ಅಂಟಿಕೊಳ್ಳುತ್ತದೆ. ಊರಿಗೆ ಮರಳಿದವನು ದಿಣ್ಣೆ ಹತ್ತಲಾರದೆ ಅಲ್ಲಲ್ಲಿ ಕೂರುತ್ತಾನೆ. ನೇಗಿಲು ಹಿಡಿಯಲಾರ, ನೀರಿನ ಬಿಂದಿಗೆ ಎತ್ತಲಾರ. ನಲವತ್ತು ದಾಟಿರದವನು ಗೋಡೆಗೆ ಒರಗಿ ರಾತ್ರಿಯೆಲ್ಲ ಕುಳಿತೇ ಕಳೆಯುತ್ತಾನೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಮನೆಯವರು ದಮ್ಮು ಎನ್ನುತ್ತಾರೆ, ನೆರೆಯವರು ಟಿಬಿ ಎನ್ನುತ್ತಾರೆ, ಕುಡಿತ ಎನ್ನುವವರೂ ಇರುತ್ತಾರೆ.

ಇದು ಲೋಕಕ್ಕೆ ಗೊತ್ತಿರದ ರೋಗವೇನಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಇದರ ಬಗ್ಗೆ 1902ರಲ್ಲೇ ಸರ್ಕಾರಿ ಆಯೋಗ ಕುಳಿತಿತ್ತು. 1910ರ ದಶಕದ ಆರಂಭಕ್ಕೆ ಪರಿಹಾರದ ಕಾನೂನೂ ಬಂತು, ಅದರ ಲಾಭ ಹೆಚ್ಚಾಗಿ ಬಿಳಿಯರ ಪಾಲಾಯಿತೆಂಬುದು ಬೇರೆ ಮಾತು. ಗಣಿ ಎಂಜಿನಿಯರರು ಕೋಲಾರ, ಜೊಹಾನ್ಸ್‌ಬರ್ಗ್, ಆಸ್ಟ್ರೇಲಿಯಾ ಎಂದು ಓಡಾಡುತ್ತಿದ್ದ ಕಾಲವದು. ಅಗೆಯುವ ಹೊಸ ವಿಧಾನಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಬಂದವು. ರೋಗದ ತಿಳಿವಳಿಕೆ ಅಷ್ಟು ಬೇಗ ಬರಲಿಲ್ಲ. 1930ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊಹಾನ್ಸ್‌ಬರ್ಗ್‌ನಲ್ಲಿ ಸಿಲಿಕೋಸಿಸ್ ಬಗ್ಗೆಯೇ ಸಮ್ಮೇಳನ ಕರೆಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಕೆಜಿಎಫ್‌ನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಟ್ಟಳೆಯನ್ನು ಗಣಿಯವರು ತಂದರು. ಬೆರಳಚ್ಚು ಎಂದರೆ ಆಗಿನ ಜನಕ್ಕೆ ಕಳ್ಳರ ಪಟ್ಟಿ ಎಂದೇ ಅರ್ಥ. ಚಿನ್ನದ ಕಳವಿನ ಗುಮಾನಿಯಲ್ಲಿ ಪಾಳಿ ಮುಗಿಸಿ ಬರುವವನ ಮೈ ತಡವಿ ಶೋಧಿಸುವ ಪದ್ಧತಿ ಮೊದಲಿಂದಲೇ ಇತ್ತು, ಚಿನ್ನದ ಕಳವು ತಡೆಯಲು ಪ್ರತ್ಯೇಕ ಕಾನೂನು, ಕಾವಲು ಪಡೆ ಎಲ್ಲ ಇದ್ದವು. ಈಗ ಹೆಬ್ಬೆರಳೂ ಕೇಳಿದಾಗ ಜನ ಸಿಡಿದರು. ಯೂನಿಯನ್ ಇರಲಿಲ್ಲ, ಹೆಸರು ಹೇಳಿಕೊಳ್ಳುವ ನಾಯಕರಿರಲಿಲ್ಲ. ಆದರೂ ಸಾವಿರಾರು ಜನ ವಾರಗಟ್ಟಲೆ ಕೆಳಗಿಳಿಯಲಿಲ್ಲ. ಕೊನೆಗೆ ಆ ಯೋಜನೆ ಕೈಬಿಡಬೇಕಾಯಿತು.

ಚಿನ್ನ ಗುಲಗಂಜಿಯಷ್ಟೂ ಆಚೆ ಹೋಗದಂತೆ ಇಷ್ಟು ಏರ್ಪಾಡು ಮಾಡಬಲ್ಲವರಿಗೆ, ಅದೇ ಕಾರ್ಮಿಕ ಎಷ್ಟು ವರ್ಷ ಧೂಳಿನಲ್ಲಿದ್ದ, ಬರುವಾಗ ಅವನ ಎದೆ ಹೇಗಿತ್ತು, ಹೋಗುವಾಗ ಹೇಗಿತ್ತು ಎಂದು ಬರೆದಿಡುವುದು ಅಸಾಧ್ಯವಾಗಿತ್ತೇ? ಖಂಡಿತ ಇರಲಿಲ್ಲ. ಕಾರ್ಮಿಕನ ಬೆರಳಿನ ದಾಖಲೆ ಬೇಕಿತ್ತು, ಅವನ ಶ್ವಾಸಕೋಶದ ದಾಖಲೆ ಬೇಕಿರಲಿಲ್ಲ.

ಆ ದಾಖಲೆ ಶುರುವಾದದ್ದು 1930ರ ದಶಕದ ನಡುವಿನಿಂದೀಚೆಗೆ. ಕೋಲಾರದ ಗಣಿಯಲ್ಲಿ ಸಿಲಿಕೋಸಿಸ್ ಇದೆಯೆಂಬುದು ವೈದ್ಯರ ಬರಹಕ್ಕೆ ಬಂತು. 1940ರಲ್ಲಿ ಮೈಸೂರು ಸರ್ಕಾರ ಸಿಲಿಕೋಸಿಸ್ ಬಗ್ಗೆ ನಿಯಮ ಮಾಡಿತು, ರೋಗಕ್ಕೆ ಪರಿಹಾರ ಕೊಡಬೇಕೆಂಬುದು ಕಾನೂನಾಯಿತು. ಆಮೇಲೆ ಗಣಿ ಕಾರ್ಮಿಕರ ಎದೆಯ ಎಕ್ಸ್‌ರೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1947ರಲ್ಲಿ ವೈದ್ಯ ಕ್ಯಾಪ್ಲನ್ ಮತ್ತು ಸಂಗಡಿಗರ ಅಧ್ಯಯನ ಹೊರಬಂದಾಗ, ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಭಾರತದ ಸಿಲಿಕೋಸಿಸ್ ಅಧ್ಯಾಯ ಇವತ್ತಿಗೂ ಕೋಲಾರದಿಂದಲೇ ಆರಂಭವಾಗುತ್ತದೆ.

ಈ ಪ್ರಮಾಣವನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಎಕ್ಸ್‌ರೇ ಯಂತ್ರದ ಮುಂದೆ ನಿಂತವರು ಆಗ ಕೆಲಸದಲ್ಲಿದ್ದವರು. ಕೆಲಸ ಮಾಡಲಾಗದಷ್ಟು ಉಸಿರು ಕಟ್ಟಿದವರು ಅದಕ್ಕೂ ಮೊದಲೇ ಲೈನು ಖಾಲಿ ಮಾಡಿ ಹೋಗಿದ್ದರು. ಅವರು ಯಾವ ಅಧ್ಯಯನದ ಲೆಕ್ಕಕ್ಕೂ ಸೇರಿದವರಲ್ಲ. ಗಣಿ ಶುರುವಾಗಿ ಆಗಲೇ ಅರವತ್ತು ಎಪ್ಪತ್ತು ವರ್ಷವಾಗಿತ್ತು.

1940ರ ದಶಕದಲ್ಲಿ ಧೂಳಿನ ವಿಷಯ ಮುಂದಕ್ಕೆ ಬರಲು ವೈದ್ಯರು ಕಾರಣ, ಅವರಷ್ಟೇ ಕಾರ್ಮಿಕ ಸಂಘಟನೆಯೂ ಕಾರಣ. 1942ರ ಮೈಸೂರು ಕಾರ್ಮಿಕ ಕಾಯ್ದೆ ಸಂಘಗಳಿಗೆ ಮಾನ್ಯತೆ ಕೊಟ್ಟಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್‌ರಂಥ ಕಮ್ಯುನಿಸ್ಟ್ ನಾಯಕರು ಲೈನುಗಳಲ್ಲೇ ಇದ್ದು ಯೂನಿಯನ್ ಕಟ್ಟಿದರು. ಕೂಲಿ, ಬೋನಸ್, ಮನೆ, ರಜೆ ಎಂಬ ಬೇಡಿಕೆಗಳು ಬರವಣಿಗೆಯಲ್ಲಿ ಮೇಜಿನ ಮೇಲೆ ಬಂದವು. 1946 ಪೂರ್ತಿ ಹೋರಾಟದ ವರ್ಷ. ಆ ವರ್ಷದ ನವೆಂಬರ್ 4ರಂದು ಪೊಲೀಸರು ಗುಂಡು ಹಾರಿಸಿದರು, ಆರು ಕಾರ್ಮಿಕರು ಸತ್ತರು. ಕೆಜಿಎಫ್‌ನಲ್ಲಿ ಇಂದಿಗೂ ಆ ದಿನ ಹುತಾತ್ಮರ ನೆನಪಿನ ಸಭೆ ನಡೆಯುತ್ತದೆ. ಒದ್ದೆ ಮಾಡಿ ಕೊರೆಯುವುದು, ಸಿಡಿಸಿದ ಮೇಲೆ ಧೂಳು ಅಡಗುವವರೆಗೆ ಕಾಯುವುದು, ಗಾಳಿ ಆಡುವಂತೆ ಮಾಡುವುದು, ಕಾಲಕಾಲಕ್ಕೆ ಎಕ್ಸ್‌ರೇ ತೆಗೆಯುವುದು ಇವೆಲ್ಲ ದಿನನಿತ್ಯದ ಕಟ್ಟುಪಾಡಾದುದರ ಹಿಂದೆ ಈ ಕಾರ್ಮಿಕರ ಒತ್ತಾಯವಿತ್ತು. ಸ್ವತಂತ್ರ ಭಾರತದ 1952ರ ಗಣಿ ಕಾಯ್ದೆ ಬಂದಾಗ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಲೇಬೇಕಾದ ರೋಗಗಳ ಸಾಲಿಗೆ ಸೇರಿತು. ಒದ್ದೆ ಮಾಡಿ ಕೊರೆಯುವುದೆಂದರೆ ಇಷ್ಟೇ, ಡ್ರಿಲ್ಲಿನ ತುದಿಗೆ ನೀರು ಹಾಯಿಸಿದರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಅಷ್ಟು ಸರಳ ಉಪಾಯ, ಅದು ಎಲ್ಲರಿಗೂ ಗೊತ್ತೂ ಇತ್ತು.

1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ತನ್ನದಾಗಿಸಿಕೊಂಡಿತು, 1962ರ ಡಿಸೆಂಬರಿನಲ್ಲಿ ಅವು ಕೇಂದ್ರದ ವಶಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮವಾಯಿತು. ಸರ್ಕಾರಿ ಕಾಲದಲ್ಲಿ ಕಾರ್ಮಿಕನ ಸ್ಥಾನ ಖಂಡಿತ ಮೇಲೇರಿತು. ಆಸ್ಪತ್ರೆ, ಶಾಲೆ, ನೀರು, ಮನೆ, ವಿದ್ಯುತ್ತು ಎಲ್ಲಕ್ಕೂ ಜನ ಕಂಪನಿಯನ್ನೇ ನಂಬಿದ್ದರು. ಇಡೀ ಊರೇ ಕಂಪನಿಯ ಮನೆಯಂತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೂಲಿಯ ಜೊತೆಗೆ ಇವೆಲ್ಲವೂ ಹೋದವು. ಅಂದಿನಿಂದ ಕೆಜಿಎಫ್‌ನ ಸಾವಿರಾರು ಜನ ನಸುಕಿನಲ್ಲೆದ್ದು ಮಾರಿಕುಪ್ಪಂ, ಬಂಗಾರಪೇಟೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಮುಚ್ಚಿದ ಗಣಿಯ ಸುರಂಗಗಳಲ್ಲಿ ನೀರು ತುಂಬಿತು.

ಕಂಪನಿಗಳು ಲಾಭದ ಒಂದು ಭಾಗವನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂಬ ಕಾನೂನು ಬಂದದ್ದು 2013ರಲ್ಲಿ, ಗಣಿ ಬಾಧಿತ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು 2015ರಲ್ಲಿ. ನೂರಿಪ್ಪತ್ತು ವರ್ಷ ಅಗೆದು ಸುಮಾರು 800 ಟನ್ ಚಿನ್ನ ಕೊಟ್ಟ ಊರಿಗೆ ಈ ಎರಡೂ ಬಂದದ್ದು ಗಣಿ ಮುಚ್ಚಿದ ಮೇಲೆ.

ಊರಿನ ಪಾಲಿಗೆ ಉಳಿದದ್ದು ದಿಬ್ಬ. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಬೂದಿಬಣ್ಣದ ಪುಡಿಯನ್ನು ಊರ ನಡುವೆ, ಲೈನುಗಳ ಪಕ್ಕದಲ್ಲೇ ಸುರಿದರು. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಇಂಥ 13 ದಿಬ್ಬಗಳಿವೆ, ಸುಮಾರು 3.3 ಕೋಟಿ ಟನ್ ಪುಡಿ ಅಲ್ಲಿದೆ. ಸಿನಿಮಾದವರು ಹಾಡು, ಹೊಡೆದಾಟ ಚಿತ್ರಿಸಲು ಅಲ್ಲಿಗೆ ಬರುತ್ತಾರೆ. ಗಾಳಿಕಾಲದಲ್ಲಿ ಅಲ್ಲಿಂದ ಏಳುವ ಧೂಳು ಮನೆಯೊಳಗಿನ ಅನ್ನದ ತಟ್ಟೆಯವರೆಗೂ ಬರುತ್ತದೆ. ಗಣಿಯ ಕೆಳಗೆ ಎಂದೂ ಇಳಿಯದ ಹೆಂಗಸರೂ ಮಕ್ಕಳೂ ಅದೇ ಗಾಳಿ ಉಸಿರಾಡಬೇಕು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಸಿಗುತ್ತದೆ ಎಂಬ ಆಸೆ ಊರಲ್ಲಿದೆ, ಆ ಆಸೆ ನ್ಯಾಯವಾದದ್ದೇ. ಆದರೆ ಗಟ್ಟಿಯಾಗಿ ಕುಳಿತ ದಿಬ್ಬವನ್ನು ಮತ್ತೆ ಕೆದಕುವ ಮೊದಲು, ಸುತ್ತ ವಾಸಿಸುವವರ ಎದೆಯ ಪರೀಕ್ಷೆ ನಡೆದು ದಾಖಲೆಯಾಗಬೇಕು. 1875ರಲ್ಲಿ ಮಾಡದ ಕೆಲಸವನ್ನು ಈಗಲಾದರೂ ಮಾಡಬೇಕು.

ಕೆಜಿಎಫ್ ಮುಚ್ಚಿತೆಂದು ಜಿಲ್ಲೆಯಲ್ಲಿ ಕಲ್ಲಿನ ಧೂಳು ನಿಂತಿಲ್ಲ. ಮುಳಬಾಗಿಲಿನ ಬೆಟ್ಟ, ಆವಣಿ, ಕುರುಡುಮಲೆ, ಮಾಲೂರಿನ ಟೇಕಲ್ ಎಲ್ಲ ಕಲ್ಲಿನ ನಾಡು. ಕ್ವಾರಿ, ಕ್ರಷರ್‌ಗಳು ಜಿಲ್ಲೆಯ ಉದ್ದಕ್ಕೂ ಇವೆ. ಗ್ರಾನೈಟಿನಲ್ಲೂ ಸ್ಫಟಿಕ ಇದೆ, ಅಲ್ಲಿನ ಧೂಳಿನಲ್ಲೂ ಸಿಲಿಕಾ ಇದೆ. ಕಾನೂನಿನ ಕಣ್ಣಿಗೆ ಕಲ್ಲು ಕ್ವಾರಿಯೂ ಗಣಿಯೇ, ಗಣಿ ಕಾರ್ಮಿಕನಿಗೆ ಕಾನೂನು ಕೊಡುವ ರಕ್ಷಣೆ ಅಲ್ಲಿ ದುಡಿಯುವವನಿಗೂ ಸಲ್ಲಬೇಕು. ಕೆಜಿಎಫ್‌ನ ಕಾರ್ಮಿಕನಿಗೆ ಕೊನೆಕೊನೆಗೆ ಯೂನಿಯನ್ ಇತ್ತು, ಆಸ್ಪತ್ರೆ ಇತ್ತು, ಎಕ್ಸ್‌ರೇ ಇತ್ತು. ಇವತ್ತಿನ ಕ್ರಷರ್ ಕೂಲಿಯವನಿಗೆ ಹೆಚ್ಚಿನ ಕಡೆ ಮೂಗಿಗೆ ಕಟ್ಟಿಕೊಂಡ ಟವೆಲ್ಲೇ ಗತಿ. ಎಷ್ಟೋ ಕಡೆ ಅವನು ಒಡಿಶಾದಿಂದಲೋ ಬಿಹಾರದಿಂದಲೋ ಬಂದವನು, ಕೆಮ್ಮು ಶುರುವಾಗುವ ಹೊತ್ತಿಗೆ ತನ್ನೂರಿಗೆ ಹೋಗಿರುತ್ತಾನೆ. ಅಂದು ಉತ್ತರ ಆರ್ಕಾಟಿನ ಹಳ್ಳಿಗಳಿಗೆ ಹೋದ ರೋಗ ಈಗ ಇನ್ನೂ ದೂರಕ್ಕೆ ಹೋಗುತ್ತಿದೆ, ಅಷ್ಟೇ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರುವರಿಯಲ್ಲಿ ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಾಗ ರಾಜ್ಯವೆಲ್ಲ ಬೆಚ್ಚಿತು, ಮಂತ್ರಿಗಳು ಓಡಿ ಬಂದರು. ಸದ್ದು ಮಾಡುವ ಸಾವಿಗೆ ನಾವು ಇಂದೂ ಓಡಿ ಹೋಗುತ್ತೇವೆ.

ಬೈರಕೂರಿನಲ್ಲಾಗಲಿ ನಂಗಲಿಯಲ್ಲಾಗಲಿ ಮಾಲೂರು, ಶ್ರೀನಿವಾಸಪುರದ ಯಾವ ಹಳ್ಳಿಯಲ್ಲಾಗಲಿ ಇದನ್ನು ಓದುವವರಿಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಗಣಿ, ಕ್ವಾರಿ, ಕ್ರಷರ್‌ನಲ್ಲಿ ದುಡಿದು ಬಂದು ದಮ್ಮು, ಕೆಮ್ಮು ಎಂದು ನರಳುವವರಿದ್ದರೆ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರಿಗೆ ರೋಗದ ಲಕ್ಷಣ ಹೇಳಿದರಷ್ಟೇ ಸಾಲದು, ಯಾವ ಕೆಲಸ ಮಾಡಿದ್ದರು, ಎಷ್ಟು ವರ್ಷ ಮಾಡಿದ್ದರು ಎಂಬುದನ್ನೂ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿ. ಟಿಬಿ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಿ, ಜೊತೆಗೆ ಸಿಲಿಕೋಸಿಸ್ ಇದೆಯೇ ನೋಡಿ ಎಂದು ಕೇಳಿ. ಎಕ್ಸ್‌ರೇ, ಕೂಲಿ ಚೀಟಿ, ಗುರುತಿನ ಚೀಟಿ ಯಾವುದನ್ನೂ ಎಸೆಯಬೇಡಿ, ಪರಿಹಾರ ಕೇಳಲು ಅವೇ ಆಧಾರ.